ಜೋಡೆತ್ತಿನಲ್ಲಿ ಒಂದು ಸೊರಗಿದರೆ

ಹೈದರಾಬಾದ್–ಪುಣೆ ಹೆದ್ದಾರಿಯಿಂದ ಬೀದರಿನ ದಾರಿ ಕವಲೊಡೆಯುವ ಊರು ಮನ್ನಾಏಖೇಳ್ಳಿ. ರಾತ್ರಿ ಧಾಬಾ ಮುಂದೆ ನಿಂತ ಲಾರಿಗಳಲ್ಲಿ ಯಾವುದೋ ಒಂದು ಮುಂಜಾನೆ ಸೆಲ್ಫ್ ಹೊಡೆದರೆ ‘ಕಟ್ ಕಟ್’ ಅಂದು ಸುಮ್ಮನಾಗುತ್ತದೆ. ‘ಬ್ಯಾಟ್ರಿ ಕುಂತದ್ರಿ’ ಅನ್ನುತ್ತಾನೆ ಕ್ಲೀನರ್.

ರಾತ್ರಿ ಓಡಿದ್ದು ಕ್ಯಾಬಿನ್ನಿನ ಸಣ್ಣ ಫ್ಯಾನು, ಒಂದಿಷ್ಟು ಹಾಡು, ಅಷ್ಟೇ. (2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳಿಗೆ ಎಸಿ ಕಡ್ಡಾಯ. ಆದರೆ ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ.) ಎಂಜಿನ್ ಎಬ್ಬಿಸಲು ನೂರಾರು ಆಂಪಿಯರ್ ಕೊಡುವ ಬ್ಯಾಟರಿ ಎರಡು ಆಂಪಿಯರಿನ ಫ್ಯಾನಿಗೆ ಸೋಲುವುದೇಕೆ?

ಸ್ಟಾರ್ಟರ್ ಬ್ಯಾಟರಿಯೊಳಗೆ ಸೀಸದ ತೆಳ್ಳನೆಯ ಪ್ಲೇಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಆ್ಯಸಿಡ್ ತಾಗುವ ಮೈ ಹೆಚ್ಚು, ಹಾಗಾಗಿ ಕೆಲವೇ ಸೆಕೆಂಡುಗಳಲ್ಲಿ ಭಾರಿ ಕರೆಂಟ್. ಪದೇ ಪದೇ ತಳದವರೆಗೆ ಖಾಲಿ ಮಾಡಿದರೆ ಮಾತ್ರ ಪ್ಲೇಟಿನ ಲೇಪ ಉದುರಿಹೋಗುತ್ತದೆ. ಹಾಗೆ ತಳದತನಕ ಬಳಸಲೆಂದೇ ಮಾಡಿದ ಡೀಪ್ ಸೈಕಲ್ ಬ್ಯಾಟರಿಯ ಪ್ಲೇಟು ದಪ್ಪ. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಇದೇ ಜಾತಿಯದು: ಸೀಸದ ಕಡ್ಡಿಗಳಿಗೆ ಬಟ್ಟೆಯ ಕೊಳವೆ ತೊಡಿಸಿ, ಒಳಗೆ ಸೀಸದ ಆಕ್ಸೈಡ್ ಪುಡಿ ಗಿಡಿದಿರುತ್ತಾರೆ. ಅದು ಸುಲಭಕ್ಕೆ ಉದುರುವುದಿಲ್ಲ. ಮೇಲೆ 150 ಆಂಪಿಯರ್-ಅವರ್ ಎಂದಿದ್ದರೆ, 20 ತಾಸಿನ ಲೆಕ್ಕದಲ್ಲಿ 7.5 ಆಂಪಿಯರ್‌ನಂತೆ ಎಂದರ್ಥ. ಅವಸರದಲ್ಲಿ ಹೀರಿದರೆ ಅಷ್ಟು ಸಿಗದು. ಅರ್ಧಕ್ಕೇ ಕೈ ಹಿಡಿದರೆ ಬಾಳಿಕೆ ಹೆಚ್ಚು.

ಲಾರಿಯ ನಿಜವಾದ ಕಥೆ ಬೇರೆಯೇ ಇದೆ. ಅದರದು 24 ವೋಲ್ಟ್, ಅಂದರೆ 12 ವೋಲ್ಟಿನ ಎರಡು ಬ್ಯಾಟರಿ ಒಂದರ ಬೆನ್ನಿಗೊಂದು. ಹಾಡಿನ ಸೆಟ್ಟು 12ರದ್ದಾದರೆ, ಒಂದು ಬ್ಯಾಟರಿಯಿಂದ ತಂತಿ ಎಳೆದುಬಿಟ್ಟರಾಯಿತು! ಜೋಡೆತ್ತಿನಲ್ಲಿ ಒಂದನ್ನಷ್ಟೇ ರಾತ್ರಿ ಗಾಣಕ್ಕೆ ಹೂಡಿದ ಹಾಗೆ. ಬೆಳಗ್ಗೆ ಆಲ್ಟರ್ನೇಟರ್ ಎರಡಕ್ಕೂ ಸೇರಿಸಿ ಸುಮಾರು 28 ವೋಲ್ಟ್ ಹಾಕುತ್ತದೆ. ಯಾವುದರ ಹೊಟ್ಟೆ ಎಷ್ಟು ಖಾಲಿ ಎಂದು ನೋಡುವುದಿಲ್ಲ. ತುಂಬಿದ್ದು 14 ದಾಟಿ ಗುಳ್ಳೆ ಬಿಟ್ಟು ನೀರು ಕಳೆದುಕೊಳ್ಳುತ್ತದೆ, ಹಸಿದದ್ದು ಹಸಿದೇ ಉಳಿಯುತ್ತದೆ. ಒಂದನ್ನೇ ಬದಲಿಸಿದರೂ ತಂತಿ ಅಲ್ಲೇ ಇರುವತನಕ ಅದೇ ಗತಿ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸುವುದು ಮತ್ತೊಂದು ಹೊಸ ಬ್ಯಾಟರಿಗಿಂತ ಅಗ್ಗ.

ಇನ್ನು ಚಾರ್ಜಿಂಗ್. ನೂರರಲ್ಲಿ ಎಂಬತ್ತು ಪಾಲು ಬೇಗ ತುಂಬುತ್ತದೆ. ಕೊನೆಯ ಇಪ್ಪತ್ತಕ್ಕೆ 14.4 ವೋಲ್ಟಿನ ಆಸುಪಾಸಿನಲ್ಲಿ ತಾಸುಗಟ್ಟಲೆ ಕಾಯಬೇಕು. ಹತ್ತಿರದ ಹುಮನಾಬಾದಿಗೆ ಹೋಗಿ ಬಂದಷ್ಟಕ್ಕೆ ಆಗುವುದಿಲ್ಲ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಮತ್ತೆ ಕರಗದಷ್ಟು ಬಲಿಯುತ್ತದೆ. ಚಾವಣಿಯ ಮೇಲೊಂದು ಸೋಲಾರ್ ಹಲಗೆ ಇದ್ದರೆ ಹಗಲಿಡೀ ತುಸುತುಸುವೇ ತುಂಬುತ್ತದೆ. ನಮ್ಮ ಬೇಸಿಗೆಯಲ್ಲಿ ಕಾದ ಬ್ಯಾಟರಿಗೆ ವೋಲ್ಟೇಜ್ ಕಡಿಮೆ ಸಾಕು: 25 ಡಿಗ್ರಿ ದಾಟಿದ ಪ್ರತಿ ಡಿಗ್ರಿಗೆ 0.02ರಿಂದ 0.03 ವೋಲ್ಟ್ ಇಳಿಸಬೇಕು. ಒಳ್ಳೆಯ ಚಾರ್ಜರ್ ತಾನೇ ಇಳಿಸುತ್ತದೆ.

ವಿಶ್ರಾಂತಿಯಲ್ಲಿರುವ ಬ್ಯಾಟರಿ ಮೀಟರಿಗೆ 12.7 ತೋರಿಸಿದರೆ ತುಂಬಿದೆ, 12.2ಕ್ಕೆ ಅರ್ಧ. ಮೆಕ್ಯಾನಿಕ್ ಅಷ್ಟಕ್ಕೇ ನಂಬುವುದಿಲ್ಲ. ಆರೂ ಬಿರಡೆ ತಿರುವಿ, ಹೈಡ್ರೋಮೀಟರಿನ ರಬ್ಬರ್ ಬುರುಡೆ ಅಮುಕಿ ಆ್ಯಸಿಡ್ ಎಳೆದು ಅದರ ಸಾಂದ್ರತೆ ನೋಡುತ್ತಾನೆ. ಐದು ಮನೆಗಳಲ್ಲಿ (ಸೆಲ್‌ಗಳಲ್ಲಿ) ತೇಲುಗಡ್ಡಿ 1.25ಕ್ಕೆ ನಿಲ್ಲುತ್ತದೆ, ಆರನೆಯದರಲ್ಲಿ 1.10ಕ್ಕೆ ಮುಳುಗುತ್ತದೆ.

‘ಅದೊಂದೇ ಮನಿ ಬದಲಿ ಮಾಡ್ರಿ’ ಅನ್ನುತ್ತಾನೆ ಡ್ರೈವರ್. ಹಿಂದೆ ಅದೂ ಆಗುತ್ತಿತ್ತು. ಗಟ್ಟಿ ರಬ್ಬರಿನ ಪೆಟ್ಟಿಗೆಯ ಡಾಂಬರು ಕರಗಿಸಿ ಒಂದೇ ಮನೆಯ ಪ್ಲೇಟು ಎತ್ತಿ ಹೊಸದಿಡುತ್ತಿದ್ದರು. ಈಗಿನ ಪ್ಲಾಸ್ಟಿಕ್ ಮುಚ್ಚಳ ಕಾಯಿಸಿ ಬೆಸೆದದ್ದು. ಐದು ಗಟ್ಟಿ ಮನೆಗಳ ಸಮೇತ ಬ್ಯಾಟರಿ ತಕ್ಕಡಿ ಏರುತ್ತದೆ, ಸೀಸದ ತೂಕಕ್ಕೆ.