ಒಡ್ಡಿನ ಬಾಗಿಲು ಯಾರ ವಶದಲ್ಲಿರಬೇಕು?

ನದಿಗೆ ಅಡ್ಡಲಾಗಿ ಒಡ್ಡು ಕಟ್ಟುವುದು ಒಂದು ಕೆಲಸ. ಕಟ್ಟಿದ ಒಡ್ಡಿನ ಬಾಗಿಲುಗಳನ್ನು ವರುಷ ವರುಷವೂ ಹೊತ್ತಿಗೆ ಸರಿಯಾಗಿ ಏರಿಸಿ ಇಳಿಸುವುದು ಮತ್ತೊಂದು ಕೆಲಸ. ಮೊದಲನೆಯದಕ್ಕೆ ಹಣವೂ ಹುರುಪೂ ಕೂಡಿಬರುತ್ತವೆ; ಎರಡನೆಯದಕ್ಕೆ ಅಷ್ಟು ಸುಲಭವಾಗಿ ಕೂಡಿಬರುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ನೀರನ್ನು ನಂಬಿರುವುದರಿಂದ, ಈ ಬಾಗಿಲುಗಳು ಸರಕಾರದ ವಶದಲ್ಲಿರಬೇಕೋ, ಖಾಸಗಿ ಕಂಪನಿಯ ವಶದಲ್ಲಿರಬೇಕೋ, ಅಥವಾ ರೈತರ ಸಂಘದ ವಶದಲ್ಲಿರಬೇಕೋ ಎಂಬ ಪ್ರಶ್ನೆಯು ಇಲ್ಲಿಯ ಊರ ಪ್ರಮುಖರಿಗೂ ಜಮೀನುದಾರರಿಗೂ ಬರಿಯ ಚರ್ಚೆಯ ವಿಷಯವಾಗಿರುವುದಿಲ್ಲ.

ಕಂಪನಿಯ ಕೈಗೆ ನದಿಯನ್ನು ಕೊಟ್ಟು ನೋಡಿದ ಉದಾಹರಣೆಯು ನೆರೆಯ ತುಂಗಭದ್ರೆಯಲ್ಲಿಯೇ ಉಂಟು. 1858ರಲ್ಲಿ ಸ್ಥಾಪಿತವಾದ ಮದ್ರಾಸ್ ನೀರಾವರಿ ಕಂಪನಿಯು ಕರ್ನೂಲಿನ ಮೇಲ್ಗಡೆ ಸುಂಕೇಸುಲದಲ್ಲಿ ಆಣೆಕಟ್ಟನ್ನು ಕಟ್ಟಿ, ಅಲ್ಲಿಂದ ಕಡಪೆಯವರೆಗೆ ಕಾಲಿವೆಯನ್ನು ತೋಡಿಸಿತು. ನೀರಾವರಿಯಿಂದಲ್ಲದೆ ದೋಣಿ ಸಂಚಾರದಿಂದಲೂ ಆದಾಯ ಬರಲೆಂದು ಕಾಲಿವೆಯಲ್ಲಿ ಲಾಕುಗಳನ್ನು ಕಟ್ಟಿಸಿತು. ಲಾಕು ಎಂದರೆ ಎರಡು ಬಾಗಿಲುಗಳ ನಡುವೆ ನೀರನ್ನು ತುಂಬಿಸಿ ಅಥವಾ ಖಾಲಿ ಮಾಡಿ, ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಸಾಗಿಸುವ ಕಟ್ಟಡ. ಕಂಪನಿಯ ಮೂಲ ಬಂಡವಾಳಕ್ಕೆ ನೂರಕ್ಕೆ 5ರಂತೆ ಬಡ್ಡಿಗೆ ಸರಕಾರವೇ ಹೊಣೆಯಾಗಿದ್ದಿತು. ನೀರು ಕೊಳ್ಳುವ ರೈತನು ಬಂದರೂ ಬಾರದಿದ್ದರೂ ಪಾಲುದಾರನಿಗೆ ಬಡ್ಡಿಯು ತಪ್ಪುತ್ತಿರಲಿಲ್ಲ. ಇತ್ತ ಎರೆಭೂಮಿಯ ಒಕ್ಕಲಿಗರು, ಮಳೆಯಿಂದಲೇ ಜೋಳ ಬೆಳೆಯುತ್ತಿರುವಾಗ ನೀರಪಟ್ಟಿಯನ್ನೇಕೆ ತೆರಬೇಕೆಂದು ದೂರ ಉಳಿದರು. ಕಡೆಗೆ 1882ರಲ್ಲಿ ಸರಕಾರವೇ ಆ ಕೆಲಸವನ್ನೆಲ್ಲ ಕೊಂಡುಕೊಳ್ಳಬೇಕಾಯಿತು. ನಷ್ಟದ ಭಯವಿಲ್ಲದ ಕಂಪನಿಗೆ ಮಿತವ್ಯಯವನ್ನು ಕಲಿಸುವವರು ಯಾರೂ ಇರುವುದಿಲ್ಲ.

ಸರಕಾರಿ ವಶದ ದೊಡ್ಡ ಉದಾಹರಣೆಯೆಂದರೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರಿಂದ ಅಡಿಗಲ್ಲು ಹಾಕಿಸಿಕೊಂಡ ಈ ಒಡ್ಡಿಗೆ 26 ಬಾಗಿಲುಗಳಿವೆ. ಇದರ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗವನ್ನು ಒಪ್ಪಿಸಬೇಕಾಯಿತೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 1994ರಿಂದ ಇದನ್ನು ನೋಡಿಕೊಳ್ಳುತ್ತಿರುವ ಕೃಷ್ಣಾ ಭಾಗ್ಯ ಜಲ ನಿಗಮವು ರೂಪದಲ್ಲಿ ಕಂಪನಿಯೇ ಆದರೂ ಅದರ ಒಡೆತನವು ಸರಕಾರದ್ದು. ಒಡ್ಡಿನ ಕೆಳಗಿನ 290 ಮೆಗಾವಾಟಿನ ವಿದ್ಯುದಾಗಾರವು ಬೇರೊಂದು ಸರಕಾರಿ ನಿಗಮದ್ದು. ವಿದ್ಯುತ್ತಿನವನಿಗೆ ನೀರು ಎತ್ತರದಲ್ಲಿ ನಿಂತಷ್ಟು ಲಾಭ. ಪ್ರವಾಹವನ್ನು ತಡೆಯಬೇಕಾದವನಿಗೆ ಜಲಾಶಯದಲ್ಲಿ ಬರಿದಾದ ಸ್ಥಳ ಬೇಕು. ರಾಯಚೂರು, ಯಾದಗಿರಿಯ ಕಾಲಿವೆಯವನಿಗೆ ಹಿಂಗಾರಿನಲ್ಲಿಯೂ ನೀರು ಬೇಕು. ಮೇಲುಗಡೆಯ ಸಾಂಗಲಿಯವರಿಗೆ ಹಿನ್ನೀರಿನ ಅಂಜಿಕೆ. ಇವರಲ್ಲಿ ಯಾರೊಬ್ಬರ ಲಾಭಕ್ಕಾಗಿ ಬಾಗಿಲನ್ನು ನಡೆಸಿದರೂ ಉಳಿದವರಿಗೆ ಕೇಡು ತಪ್ಪದು. ಆದಕಾರಣ ಇಂತಹ ಬಾಗಿಲು, ಲೆಕ್ಕ ಕೇಳಬಹುದಾದ ಸರಕಾರದ ಕೈಯಲ್ಲಿಯೇ ಇರತಕ್ಕದ್ದು.

ಸರಕಾರದ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳಿಗೆ ನುಗ್ಗಿ ಪಟ್ಟದಕಲ್ಲಿನ ಗುಡಿಗಳನ್ನೂ ಸುತ್ತುವರಿಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಒಡ್ಡಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿಯು ಹರಿದು ಬಾಗಿಲೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಇಳಿಸುವಷ್ಟರಲ್ಲಿ ಒಂದು ವಾರ ಹಿಡಿಯಿತು. ಮೂರು ರಾಜ್ಯಗಳು ಸೇರಿದ ಮಂಡಲಿಯ ಮೇಲ್ವಿಚಾರಣೆಯಲ್ಲಿದ್ದ ಸುಮಾರು 70 ವರುಷದ ಬಾಗಿಲು ಅದು. ಕಬ್ಬಿಣಕ್ಕೆ ಸರಕಾರಿ, ಖಾಸಗಿ ಎಂಬ ಭೇದವಿಲ್ಲ. ಎಣ್ಣೆ, ಬಣ್ಣ, ಪರೀಕ್ಷೆ ಇವುಗಳ ಭೇದವುಂಟು.

ಇನ್ನು ಮೂರನೆಯ ದಾರಿ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ಸರಕಾರದ ದಾರಿ ಕಾಯದೆ, ತಮ್ಮ ಹಣ ಮತ್ತು ಮೈದುಡಿಮೆಯಿಂದ 1989ರಲ್ಲಿ ಬ್ಯಾರೇಜನ್ನು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ಬೇಸಗೆಯಲ್ಲಿ ನೀರು ಸಾಲದಾದಾಗ ಆಲಮಟ್ಟಿಯ ಹಿನ್ನೀರನ್ನು ಪಂಪುಗಳಿಂದ ಮೇಲೆತ್ತಿ ಅದನ್ನು ತುಂಬಿಸಿಕೊಂಡದ್ದೂ ಉಂಟು. ಇದು ಖಾಸಗಿಯೇ; ಆದರೆ ಕಂಪನಿಯ ಖಾಸಗಿತನವಲ್ಲ. ಇಲ್ಲಿ ಹಣ ಹಾಕಿದವನೂ ನೀರು ಬಳಸುವವನೂ ಒಬ್ಬನೇ ಆದುದರಿಂದ, ದುರಸ್ತಿಯು ತಡವಾದರೆ ಒಣಗುವುದು ಅವನದೇ ಕಬ್ಬು. ಆದರೆ ಈ ಮಾದರಿಯನ್ನು ಆಲಮಟ್ಟಿಯಂತಹ ಒಡ್ಡಿಗೆ ಹಚ್ಚಲಾಗದು. ದಂಡೆಯ ಕೆಲವು ಊರುಗಳು ಕೂಡಿ ಹೊರಬಹುದಾದ ಹೊಣೆಗೂ ಒಂದು ನದಿಯ ಪ್ರವಾಹದ ಹೊಣೆಗೂ ಬಹಳ ಅಂತರವಿದೆ.

ಹಾಗಾದರೆ ರೈತರ ಕೈಗೆ ಬರಬೇಕಾದುದು ಯಾವುದು? ಹಂಚುಗಾಲಿವೆ ಮತ್ತು ಅದರ ತೂಬು. 2000ದಲ್ಲಿ ತಿದ್ದಲ್ಪಟ್ಟ ನೀರಾವರಿ ಕಾಯಿದೆಯ ಪ್ರಕಾರ ನೀರು ಬಳಕೆದಾರರ ಸಹಕಾರ ಸಂಘವು ನಿಗಮದಿಂದ ಅಳತೆಯ ಮೇಲೆ ನೀರನ್ನು ಪಡೆದು, ಸದಸ್ಯರಿಗೆ ಹಂಚಿ, ನೀರಪಟ್ಟಿಯನ್ನು ಕೂಡಿಸಬಹುದು. ಹುನಗುಂದ ಸೀಮೆಯ ರಾಮಥಾಳ ಏತ ನೀರಾವರಿಯಲ್ಲಿ 24,000 ಹೆಕ್ಟೇರಿಗೆ ಹನಿ ನೀರಿನ ಕೊಳವೆಗಳನ್ನು ಗುತ್ತಿಗೆಯ ಮೇಲೆ ಕಂಪನಿಗಳಿಂದ ಹಾಕಿಸಿ, ಕೆಲವು ವರುಷಗಳ ಮೇಲ್ವಿಚಾರಣೆಯನ್ನೂ ಅವುಗಳಿಗೇ ವಹಿಸಲಾಯಿತು. ಹನಿ ಕೊಳವೆಯು ಹೊಲದಲ್ಲಿರುವ ಸಾಮಾನು. ಇಲಿ ಕಡಿಯುವುದೂ ಕುಂಟೆಗೆ ಸಿಕ್ಕುವುದೂ ಅಲ್ಲಿಯೇ. ಗುತ್ತಿಗೆಯವನು ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಊರಿನಲ್ಲಿ ಮೊದಲೇ ಸಿದ್ಧರಿಲ್ಲದಿದ್ದರೆ ಕೊಳವೆಗಳು ಬದುವಿನ ಮೇಲೆ ಬೀಳುತ್ತವೆ. ಅಲ್ಲಲ್ಲಿ ಹಾಗಾದ ದೂರುಗಳೂ ಬಂದಿವೆ.

ಸಂಘವು ಕಾಲಿವೆಯನ್ನು ವಹಿಸಿಕೊಳ್ಳುವ ಮುಂಚೆ ಊರ ಪ್ರಮುಖರು ನಿಗಮದ ಅಧಿಕಾರಿಯೊಡನೆ ಕಾಲಿವೆಯ ತಲೆಯಿಂದ ಬಾಲದವರೆಗೆ ನಡೆದು ನೋಡತಕ್ಕದ್ದು. ಒಡೆದ ತೂಬು, ಹೂಳು ತುಂಬಿದ ಭಾಗ, ಮುರಿದ ಅಳತೆಪಟ್ಟಿ ಇವನ್ನು ಬರಹದಲ್ಲಿ ದಾಖಲಿಸಿ, ದುರಸ್ತಿಯ ಖರ್ಚು ಯಾರದೆಂಬುದನ್ನು ಕರಾರಿನಲ್ಲಿ ಕಾಣಿಸಬೇಕು. ನೀರು ಬಿಡುವ ದಿನಗಳ ಪಾಳಿಯನ್ನು ಬಾಲದ ಹೊಲದವನಿಂದ ಮೊದಲು ಮಾಡಿ ತಲೆಯವನ ಕಡೆಗೆ ಬರುವಂತೆ ಗೊತ್ತುಮಾಡಿದರೆ ತಂಟೆಗಳು ಕಡಿಮೆಯಾಗುತ್ತವೆ. ತೂಬಿನ ಕೀಲಿಯನ್ನು ಸಂಘದ ಸಂಬಳದ ಆಳಿನ ಹತ್ತಿರ ಇರಿಸುವುದು ಲೇಸು. ತಲೆಗಾಲಿವೆಯ ಜಮೀನುದಾರನ ಮನೆಯಲ್ಲಿ ಇರಿಸಬಾರದು.