ಸರಕಾರದ ಹಣ, ಮಠ-ಇಗರ್ಜಿಯ ಕಾಲೇಜು



ಕುಂಜತ್ತೂರಿನಿಂದ ತೆಂಕಕ್ಕೆ ಹೋದರೆ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು. ಬಡಗಕ್ಕೆ ತಲಪಾಡಿ ದಾಟಿದರೆ ಮಂಗಳೂರು. ಅಲ್ಲಿ ಜೆಸ್ವಿತ್ ಪಾದ್ರಿಗಳು 1880ರಲ್ಲಿ ತೆರೆದ ಸಂತ ಅಲೋಶಿಯಸ್. ನಮ್ಮೂರ ಮಕ್ಕಳು ಎರಡು ದಿಕ್ಕಿಗೂ ಬಸ್ಸು ಹತ್ತುತ್ತಾರೆ. ಆಗ ನೀವು ಕೇಳುವುದುಂಟು: ಸರಕಾರಕ್ಕೆ ಧರ್ಮವಿಲ್ಲ ಎನ್ನುತ್ತೀರಿ, ಮತ್ತೆ ಧರ್ಮದವರ ಕಾಲೇಜಿಗೆ ನಮ್ಮ ತೆರಿಗೆಯ ಹಣ ಯಾಕೆ?

ಕೇರಳದಲ್ಲಿ ಇದು ಸಣ್ಣ ಮಾತಲ್ಲ. 1972ರ ಒಪ್ಪಂದದ ಬಳಿಕ ಇಲ್ಲಿನ ಅನುದಾನಿತ ಖಾಸಗಿ ಕಾಲೇಜುಗಳ ಅಧ್ಯಾಪಕರಿಗೆ ಸರಕಾರವೇ ನೇರವಾಗಿ ಸಂಬಳ ಕೊಡುತ್ತದೆ. ಆಡಳಿತ ಮಾತ್ರ ಸಭೆಯದ್ದು, ಸಮುದಾಯದ್ದು ಅಥವಾ ಟ್ರಸ್ಟಿನದ್ದು.

ನಮ್ಮ ಸಂವಿಧಾನ ಗೋಡೆ ಕಟ್ಟಲಿಲ್ಲ, ಬೇಲಿ ಹಾಕಿತು. ಒಂದು ಧರ್ಮವನ್ನು ಬೆಳೆಸಲೆಂದೇ ತೆರಿಗೆ ಎತ್ತಕೂಡದು ಎಂದು 27ನೇ ವಿಧಿ ಹೇಳುತ್ತದೆ. ಪೂರ್ತಿ ಸರಕಾರದ ಖರ್ಚಿನಲ್ಲಿ ನಡೆಯುವ ಕಾಲೇಜಿನಲ್ಲಿ ಮತಬೋಧೆ ಇಲ್ಲವೇ ಇಲ್ಲ. ಅನುದಾನ ಪಡೆಯುವಲ್ಲಿ ಇರಬಹುದು, ಆದರೆ ಒಪ್ಪಿದವರಿಗೆ ಮಾತ್ರ. ಇದು 28ನೇ ವಿಧಿ. ಧರ್ಮ, ಜಾತಿ, ಭಾಷೆ ಇಷ್ಟರ ಕಾರಣಕ್ಕೇ ಪ್ರವೇಶ ನಿರಾಕರಿಸಬಾರದು ಎಂಬುದು 29ನೆಯದು.

ಈಗ ನಮಗೆ ತಟ್ಟುವ ವಿಷಯಕ್ಕೆ ಬರೋಣ. 30ನೇ ವಿಧಿ 'ಧರ್ಮ ಅಥವಾ ಭಾಷೆ' ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅಲ್ಪಸಂಖ್ಯಾತರು ನಡೆಸುತ್ತಾರೆಂಬ ಕಾರಣಕ್ಕೆ ಅನುದಾನದಲ್ಲಿ ಭೇದ ಮಾಡುವಂತಿಲ್ಲ. ಪಾದ್ರಿಗಳ ಕಾಲೇಜನ್ನು ಕಾಯುವ ವಾಕ್ಯವೇ ಕಾಸರಗೋಡಿನ ಕನ್ನಡ ಶಾಲೆಯನ್ನೂ ಕಾಯುತ್ತದೆ. ಅದನ್ನು ಅಳಿಸಿರೆಂದು ನಾವು ಕೂಗಿದರೆ ಕುಳಿತ ಕೊಂಬೆಯನ್ನೇ ಕಡಿದಂತೆ.

ಕೇರಳದ 1957ರ ಶಿಕ್ಷಣ ಮಸೂದೆಯ ಬಗ್ಗೆ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದ್ದರು. ಅನುದಾನಕ್ಕೆ ನ್ಯಾಯವಾದ ಶರ್ತ ಹಾಕಬಹುದು, ಅಲ್ಪಸಂಖ್ಯಾತರ ಹಕ್ಕನ್ನೇ ಬಿಟ್ಟುಕೊಡಿರಿ ಎನ್ನಬಾರದು ಎಂದು 1958ರಲ್ಲಿ ಉತ್ತರ ಬಂತು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ಇನ್ನೊಂದು ಮಾತು ಸೇರಿಸಿತು: ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕು. ಹಾಗಾಗಿ ಕನ್ನಡಿಗ ಕುಂಜತ್ತೂರಿನಲ್ಲಿ ಅಲ್ಪಸಂಖ್ಯಾತ, ತಲಪಾಡಿ ಗೇಟು ದಾಟಿದರೆ ಅಲ್ಲ! ಅನುದಾನ ಪಡೆದ ಅಲ್ಪಸಂಖ್ಯಾತ ಸಂಸ್ಥೆ ಹೊರಗಿನವರಿಗೂ ತಕ್ಕಷ್ಟು ಸೀಟು ಬಿಡಬೇಕೆಂದೂ ಆ ತೀರ್ಪು ಹೇಳಿತು.

ಒಂದು ಕಿವಿಮಾತು. ಸಂತರ ಜೀವನ, ಬೋಧನೆ ಪಾಠದಲ್ಲಿ ಬಂದೊಡನೆ ಅದು ಮತಬೋಧೆಯಾಗದು; 1971ರಲ್ಲೇ ಸುಪ್ರೀಂ ಕೋರ್ಟು ಹೀಗೆಂದಿದೆ. ಪೂಜೆ, ಪ್ರಾರ್ಥನೆ, ಮತಬೋಧೆಗೆ ಕೂರಲೇಬೇಕೆಂದರೆ ಮಾತು ಬೇರೆ. ಮಗ ಅಥವಾ ಮಗಳಿಗೆ 18 ತುಂಬಿರದಿದ್ದರೆ ಒಪ್ಪಿಗೆ ನೀವು ಕೊಡಬೇಕು. ಪ್ರವೇಶದ ಅರ್ಜಿಗೆ ರುಜು ಹಾಕುವ ಮೊದಲು ಅದರಲ್ಲಿ ಏನು ಬರೆದಿದೆಯೆಂದು ಮಲಯಾಳದಲ್ಲೋ ಕನ್ನಡದಲ್ಲೋ ಓದಿಸಿಕೊಳ್ಳಿ.