ಲ್ಯೂರ್ ಬದಲಿಸಬೇಕೋ, ಜಾಗ ಬದಲಿಸಬೇಕೋ?

ಕಳೆದ ಚಳಿಗಾಲದ ಒಂದು ಶುಕ್ರವಾರ, ಬೆಳಗಿನ ಜಾವ. ಸಾಲ್ಮಿಯಾ ಕಡಲತೀರದ ಬಂಡೆಗಳ ಮೇಲೆ ನಾನು ಮತ್ತು ಗಂಗೊಳ್ಳಿ ಕಡೆಯ ಗೆಳೆಯನೊಬ್ಬ ಗಾಳ ಹಾಕುತ್ತಿದ್ದೆವು. ಒಂದು ಗಂಟೆಯಲ್ಲಿ ನಾನು ಐದು ಲ್ಯೂರ್ (ಮೀನಿನಂತೆ ಕಾಣುವ ಕೃತಕ ಎರೆ) ಬದಲಿಸಿದೆ, ಎರಡು ಸಲ ಜಾಗವನ್ನೂ ಬದಲಿಸಿದೆ. ಒಂದೂ ಸಿಗಲಿಲ್ಲ. ಅವನು ನಿಂತಲ್ಲೇ ಎರಡು ಶೇಮ್ ಮೀನು ಹಿಡಿದ. "ನಿನ್ನ ಲ್ಯೂರ್ ನೀರಿನಲ್ಲಿ ಇದ್ದದ್ದಕ್ಕಿಂತ ಕೈಯಲ್ಲಿ ಇದ್ದದ್ದೇ ಹೆಚ್ಚು" ಅಂದ.

ನಕ್ಕೆ. ಆದರೆ ನೆನಪಾದದ್ದು 2020ರ ಮಾರ್ಚ್. ಆ ತಿಂಗಳ 23ರಂದು ನಿಫ್ಟಿ 7,610ಕ್ಕೆ ಕುಸಿಯಿತು. ಆ ವಾರವೇ ಮಗಳ ಕಾಲೇಜಿಗೆಂದು ಕೂಡಿಟ್ಟಿದ್ದ ಈಕ್ವಿಟಿ ಫಂಡ್‌ಗಳನ್ನೆಲ್ಲ ಮಾರಿ ಎಫ್‌ಡಿಗೆ ಹಾಕಿದೆ. ಅವಳ ಕಾಲೇಜಿಗೆ ಇನ್ನೂ ಒಂಬತ್ತು ವರ್ಷ ಇತ್ತು! ನವೆಂಬರ್‌ನಲ್ಲಿ ನಿಫ್ಟಿ ತನ್ನ ಹಳೆಯ ಗರಿಷ್ಠ ಮಟ್ಟ ದಾಟಿತು. ನಾನು ಮತ್ತೆ ಒಳಬಂದದ್ದು ಅದರ ಮುಂದಿನ ವರ್ಷ, ಹೆಚ್ಚಿನ ಬೆಲೆಗೆ.

ಮೀನು ಕಚ್ಚದಿದ್ದಾಗ ಗೆಳೆಯ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಅವು ನಮ್ಮ ಪೋರ್ಟ್‌ಫೋಲಿಯೊಗೂ ಸರಿಹೊಂದುತ್ತವೆ. ಕೇಳುವ ಕ್ರಮ ಮುಖ್ಯ.

1. ನೀರು ಓಡುತ್ತಿದೆಯೇ?
ಕುವೈತ್ ಕೊಲ್ಲಿ ಆಳವಿಲ್ಲದ್ದು, ಆದರೆ ಉಬ್ಬರ-ಇಳಿತದ ಅಂತರ 3-4 ಮೀಟರ್ ತಲುಪುತ್ತದೆ. ನೀರು ಹರಿಯುವಾಗ ಚಿಕ್ಕ ಮೀನು ಓಡಾಡುತ್ತವೆ, ದೊಡ್ಡವು ಬೇಟೆಗೆ ಬರುತ್ತವೆ. ನೀರು ನಿಂತಾಗ ಸಾಮಾನ್ಯವಾಗಿ ಯಾರಿಗೂ ಹೆಚ್ಚು ಸಿಗುವುದಿಲ್ಲ. ಆಗ ಲ್ಯೂರನ್ನು ದೂರಿ ಪ್ರಯೋಜನವಿಲ್ಲ.
ಹಾಗೆಯೇ ಇಡೀ ಮಾರುಕಟ್ಟೆ ಬಿದ್ದಾಗ ನಿಮ್ಮ ಫಂಡ್ ಬಿದ್ದರೆ ಅದು ಇಳಿತ, ಫಂಡ್‌ನ ತಪ್ಪಲ್ಲ. ಕಾಯಿರಿ.

2. ಮೀನಿದೆ, ಕಚ್ಚುತ್ತಿಲ್ಲವೇ?
ಪಕ್ಷಿಗಳು ಎರಗುತ್ತಿವೆ, ಪಕ್ಕದವನಿಗೆ ಸಿಗುತ್ತಿದೆ ಅಂದರೆ ಜಾಗ ಸರಿ ಇದೆ. ಮೊದಲು ಎಳೆಯುವ ವೇಗ ಬದಲಿಸಿ, ನಂತರ ಆಳ, ಕೊನೆಗೆ ಲ್ಯೂರ್. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲದಿದ್ದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ.
ಸೂಚ್ಯಂಕ ಏರುತ್ತಿದ್ದು ನಿಮ್ಮ ಫಂಡ್ ಮಾತ್ರ ಹಿಂದುಳಿದಿದ್ದರೆ ಫಂಡ್ ಬದಲಿಸುವ ಯೋಚನೆ ಮಾಡಿ. ಮೂರು ತಿಂಗಳ ಲೆಕ್ಕ ಸಾಲದು. ನಾನು ಮೂರು ವರ್ಷ ನೋಡುತ್ತೇನೆ.

3. ಮೀನೇ ಇಲ್ಲವೇ?
ನೀರು ಓಡುತ್ತಿದೆ, ಆದರೂ ಅರ್ಧ ಗಂಟೆಯಿಂದ ಮೀನಿನ ಯಾವ ಸುಳಿವೂ ಇಲ್ಲ ಅಂದರೆ ಜಾಗ ಬಿಡಿ. ಎಂಥ ಒಳ್ಳೆಯ ಲ್ಯೂರ್ ಆದರೂ ಖಾಲಿ ನೀರಿನಲ್ಲಿ ಕೆಲಸ ಮಾಡದು.
ಹಣದಲ್ಲಿ ಜಾಗ ಅಂದರೆ ಈಕ್ವಿಟಿ, ಎಫ್‌ಡಿ, ಚಿನ್ನ. ಕುವೈತ್‌ನಲ್ಲಿ ನಮ್ಮ ವಾಸ್ತವ್ಯ ಇಕಾಮಾ ಇರುವ ತನಕ. ಕೆಲಸ ಹೋದರೆ ಊರಿಗೆ ಹೊರಡಬೇಕು. ಎರಡು ವರ್ಷದಲ್ಲಿ ವಾಪಸಾಗುವವರ ಮನೆ ಕಟ್ಟುವ ಹಣ ಪೂರ್ತಿ ಈಕ್ವಿಟಿಯಲ್ಲಿದ್ದರೆ ಅದು ತಪ್ಪು ಜಾಗ, ಫಂಡ್ ಎಷ್ಟೇ ಚೆನ್ನಾಗಿರಲಿ. ಅದು ಎನ್‌ಆರ್‌ಇ ಎಫ್‌ಡಿಯಲ್ಲಿರಲಿ.

ಬದಲಾವಣೆಗೂ ಬೆಲೆ ಇದೆ
ಲ್ಯೂರ್ ಕಟ್ಟುವಷ್ಟು ಹೊತ್ತು ಗಾಳ ನೀರಿನಲ್ಲಿರುವುದಿಲ್ಲ. ಫಂಡ್‌ನಲ್ಲೂ ಹಾಗೆಯೇ. ಅನೇಕ ಈಕ್ವಿಟಿ ಫಂಡ್‌ಗಳು ಒಂದು ವರ್ಷದೊಳಗೆ ಹೊರಬಂದರೆ ಸುಮಾರು ಶೇ. 1 ಎಕ್ಸಿಟ್ ಲೋಡ್ ಹಾಕುತ್ತವೆ. 2024ರ ಜುಲೈ 23ರಿಂದ ಭಾರತದಲ್ಲಿ ಈಕ್ವಿಟಿ ಫಂಡ್ ಲಾಭಕ್ಕೆ ಒಂದು ವರ್ಷದೊಳಗೆ ಮಾರಿದರೆ ಶೇ. 20, ನಂತರ ಮಾರಿದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭದ ಮೇಲೆ ಶೇ. 12.5 ತೆರಿಗೆ. ಎನ್‌ಆರ್‌ಐಗಳಿಗೆ ಟಿಡಿಎಸ್ ಮೊದಲೇ ಕಡಿತವಾಗುತ್ತದೆ. ತೆರಿಗೆ ಒಪ್ಪಂದದ ಲಾಭ ನಿಮಗೆ ಸಿಗುತ್ತದೆಯೇ ಎಂದು ಸಿಎ ಹತ್ತಿರ ಕೇಳಿ.

ಗೆಳೆಯ ಗಾಳ ಎಸೆಯುವ ಮೊದಲೇ ಗಡಿಯಾರ ನೋಡಿ "ಇಲ್ಲಿ ಇಷ್ಟು ಹೊತ್ತು" ಅಂತ ನಿರ್ಧರಿಸುತ್ತಾನೆ. ನಾನೂ ಈಗ ಪ್ರತಿ ಫಂಡ್ ಮುಂದೆ ಎರಡು ಸಾಲು ಬರೆದಿಟ್ಟಿದ್ದೇನೆ: ಈ ಹಣ ಯಾವಾಗ ಬೇಕು, ಯಾವ ಕಾರಣಕ್ಕೆ ಮಾರುತ್ತೇನೆ. "ಭಯವಾಯಿತು" ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ.

ನಿಮ್ಮ ಫಂಡ್‌ಗಳ ಮುಂದೆಯೂ ಈ ವಾರಾಂತ್ಯ ಆ ಎರಡು ಸಾಲು ಬರೆದುಬಿಡಿ. ಮಾರುಕಟ್ಟೆ ಶಾಂತವಾಗಿರುವಾಗ ಬರೆಯುವುದು ಸುಲಭ.